ಮಾಯ್ದ ಗಾಯದ ಮಾಯದ ನೋವು

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ಕಬ್ಬು ಕಟಾವಿನ ಹಂಗಾಮು ಆರಂಭವಾಗುತ್ತಿದ್ದಂತೆ ಕೊಯ್ತಾದಿಂದ ಕೈ ಕೊಯ್ದುಕೊಂಡವರ, ಗಾಣಕ್ಕೆ ಬೆರಳು ಸಿಕ್ಕಿದವರ ಸುದ್ದಿಗಳು ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಮತ್ತೆ ಕಾಣಿಸತೊಡಗಿವೆ. ಆ ಸುದ್ದಿಗಳೆಲ್ಲ ಗಾಯಾಳುವನ್ನು ಆಸ್ಪತ್ರೆಗೆ ದಾಖಲಿಸಿದರು ಎಂಬಲ್ಲಿಗೆ ಮುಗಿಯುತ್ತವೆ. ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಬಂದ ಮೇಲೆ ಕೆಲವರಿಗೆ ಶುರುವಾಗುವ ಇನ್ನೊಂದು ಸಂಕಟವಿದೆ. ಚರ್ಮ ಕೂಡಿರುತ್ತದೆ, ಬಾವು ಇಳಿದಿರುತ್ತದೆ, ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ನೋವು ಮಾತ್ರ ದಿನದಿಂದ ದಿನಕ್ಕೆ ಏರುತ್ತ ಹೋಗುತ್ತದೆ. ಅದರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ನನ್ನ ತಮ್ಮ ಜಮಖಂಡಿ ತಾಲ್ಲೂಕಿನ ನಮ್ಮ ಹೊಲದಲ್ಲಿ ಬೀಜದ ಕಬ್ಬು ಕಡಿಯುತ್ತಿದ್ದಾಗ ರವದಿಯಲ್ಲಿ ಕಾಲು ಜಾರಿ, ಕೊಯ್ತಾ ಅವನ ಎಡಗೈ ಮಣಿಕಟ್ಟಿನ ಕಿರುಬೆರಳ ಬದಿಗೆ ಬಿತ್ತು. ಹೊಲಿಗೆ ಹಾಕಿದರು, ಮೂರು ವಾರದಲ್ಲಿ ಗಾಯ ಮಾಯ್ದಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅವನು ರಾತ್ರಿ ಮಲಗುವಾಗ ಆ ಕೈಯೊಂದನ್ನು ಕೌದಿಯ ಹೊರಗೆ, ದಿಂಬಿನ ಮೇಲೆ ಅಂಗೈ ಮೇಲಾಗಿಟ್ಟುಕೊಳ್ಳುವುದನ್ನು ಕಂಡೆ. ಕೌದಿಯ ಅಂಚು ಸವರಿದರೂ ಅವನು ತಡೆದುಕೊಳ್ಳುತ್ತಿರಲಿಲ್ಲ. ಫ್ಯಾನಿನ ಗಾಳಿ ಬೀಸಿದರೆ ಕೈ ಕಿತ್ತುಕೊಳ್ಳುತ್ತಿದ್ದ. ‘ಅಣ್ಣಾ, ಕೆಂಡ ಹಿಡಕೊಂಡಂಗ ಉರಿತೈತಿ, ಒಮ್ಮೊಮ್ಮೆ ಕರೆಂಟ್ ಹೊಡದಂಗ ಕಿರುಬೆರಳತನಕ ಹೋಗತೈತಿ’ ಎನ್ನುತ್ತಿದ್ದ. ಅದೇ ಕಿರುಬೆರಳನ್ನು ಸೂಜಿಯಿಂದ ಚುಚ್ಚಿದರೆ ಅವನಿಗೆ ಸರಿಯಾಗಿ ತಿಳಿಯುತ್ತಲೂ ಇರಲಿಲ್ಲ. ತೋರಿಸಿದ ಕಡೆ ವೈದ್ಯರು, ‘ಗಾಯ ಮಾದೈತಿ, ಮನಸ್ಸಿಗಿ ಹಚ್ಚಿಕೋಬ್ಯಾಡ್ರಿ’ ಎಂದು ಹೇಳಿ ಸಾಮಾನ್ಯ ನೋವಿನ ಗುಳಿಗೆ ಬರೆದುಕೊಟ್ಟರು. ಮನೆಯವರು ಕೆಲಸ ತಪ್ಪಿಸಿಕೊಳ್ಳುವ ನೆಪವಿರಬಹುದೆಂದು ಅನುಮಾನಪಟ್ಟರು. ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿ, ನರದಲ್ಲಿ ಸಂದೇಶ ಹೇಗೆ ಹರಿಯುತ್ತದೆ ಎಂಬ ಪಾಠವನ್ನು ಪ್ರತಿವರ್ಷ ಕರಿಹಲಗೆಯ ಮೇಲೆ ಬರೆದ ನಾನೂ ಅವನಿಗೆ ‘ಸ್ವಲ್ಪ ಗಟ್ಟಿಯಾಗು’ ಎಂದೆ. ಆ ಮಾತು ಇಂದಿಗೂ ನನ್ನನ್ನು ಬಾಧಿಸುತ್ತದೆ. ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನೋವನ್ನು ಗುರುತಿಸುವುದಕ್ಕೆಂದೇ ನಮ್ಮ ದೇಹದಲ್ಲಿ ಪ್ರತ್ಯೇಕ ನರಕೋಶಗಳಿವೆ. ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ 1906ರಷ್ಟು ಹಿಂದೆಯೇ ಅವುಗಳ ಕಲ್ಪನೆಯನ್ನು ಸ್ಪಷ್ಟವಾಗಿ ಮುಂದಿಟ್ಟಿದ್ದರು. ಈ ಕೋಶಗಳ ಒಡಲು ಬೆರಳಲ್ಲಿ ಇರುವುದಿಲ್ಲ. ಬೆನ್ನುಹುರಿಯ ಪಕ್ಕದಲ್ಲಿ, ಬೆನ್ನುಮೂಳೆಯ ಸಂದಿಗಳಲ್ಲಿರುವ ಪುಟ್ಟ ನರಗಂಟುಗಳಲ್ಲಿ ಇರುತ್ತದೆ. ಕಿರುಬೆರಳಿನ ನೋವನ್ನು ಹೊರುವ ಕೋಶದ ಒಡಲು ಕತ್ತಿನ ಬುಡದಲ್ಲಿದ್ದು, ಅಲ್ಲಿಂದ ಹೊರಟ ಒಂದೇ ಎಳೆ ತೋಳಿನಗುಂಟ ಮುಕ್ಕಾಲು ಮೀಟರಿನಷ್ಟು ಇಳಿದು ಬೆರಳ ತುದಿಯನ್ನು ಮುಟ್ಟುತ್ತದೆ. ಅದರ ಇನ್ನೊಂದು ಕವಲು ಬೆನ್ನುಹುರಿಯೊಳಗೆ ಹೋಗುತ್ತದೆ. ಬನಹಟ್ಟಿಯ ಮಗ್ಗಗಳ ಮೇಲೆ ಅತಿ ನಯವಾದ ನೂಲನ್ನು ಕಂಡವರಿಗೂ ಈ ಎಳೆಯ ತೆಳುವು ಕಲ್ಪನೆಗೆ ಬರುವುದು ಕಷ್ಟ, ಏಕೆಂದರೆ ಇವುಗಳಲ್ಲಿ ಹೆಚ್ಚಿನವುಗಳ ದಪ್ಪ ಮಿಲಿಮೀಟರಿನ ಸಾವಿರದ ಒಂದು ಭಾಗದ ಆಸುಪಾಸು. ಕೊಬ್ಬಿನ ಹೊದಿಕೆಯಿಲ್ಲದ ಈ ಎಳೆಗಳಲ್ಲಿ ಸಂದೇಶ ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗದಲ್ಲಿ ಸಾಗುತ್ತದೆ. ತೆಳ್ಳಗಿನ ಹೊದಿಕೆಯುಳ್ಳ ಮತ್ತೊಂದು ಬಗೆಯ ಎಳೆಗಳಲ್ಲಿ 5ರಿಂದ 30 ಮೀಟರ್ ವೇಗದಲ್ಲಿ. ರೊಟ್ಟಿ ಬೇಯಿಸುವಾಗ ಕಾದ ಹಂಚು ತಾಗಿದರೆ ಮೊದಲು ಚುರ್ ಎಂದು, ಒಂದು ಕ್ಷಣ ಬಿಟ್ಟು ಉರಿ ಏರುವುದು ಈ ಎರಡು ವೇಗಗಳ ಕಾರಣದಿಂದಲೇ.

ಆರೋಗ್ಯವಂತ ನೋವಿನ ಕೋಶ ಬಹುಪಾಲು ಹೊತ್ತು ಮೌನವಾಗಿರುತ್ತದೆ. ಅದರ ಪೊರೆಯ ಒಳಬದಿ ಹೊರಬದಿಗಿಂತ ಸುಮಾರು 60 ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. ಪೊರೆಯಲ್ಲಿ ಪ್ರೋಟೀನಿನಿಂದಾದ ಪುಟ್ಟ ಬಾಗಿಲುಗಳಿವೆ. ಬಿಸಿ, ಒತ್ತಡ, ರಾಸಾಯನಿಕ ಇವು ಯಾವುದಾದರೂ ಒಂದು ಮಿತಿಯನ್ನು ದಾಟಿದಾಗ ಮೊದಲು ಗ್ರಾಹಕ ಬಾಗಿಲುಗಳು ತೆರೆದುಕೊಳ್ಳುತ್ತವೆ, ಒಳಗಿನ ಋಣ ಕಡಿಮೆಯಾಗುತ್ತದೆ, ಅದು ಹೊಸ್ತಿಲ ಮಟ್ಟಕ್ಕೆ ಬಂದೊಡನೆ ಸೋಡಿಯಂ ಬಾಗಿಲುಗಳು ಒಮ್ಮೆಗೇ ತೆರೆದು ವಿದ್ಯುತ್ ಸಂದೇಶ ಹೊರಡುತ್ತದೆ. ಹಿಂದೆಯೇ ಪೊಟ್ಯಾಸಿಯಂ ಬಾಗಿಲುಗಳು ತೆರೆದು ಕೋಶವನ್ನು ಮತ್ತೆ ಶಾಂತ ಸ್ಥಿತಿಗೆ ತರುತ್ತವೆ. 1952ರಲ್ಲಿ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರತಂತುವಿನಲ್ಲಿ ಈ ಲೆಕ್ಕವನ್ನು ಬಿಡಿಸಿಟ್ಟರು. ಗ್ರಾಹಕ ಬಾಗಿಲುಗಳಲ್ಲಿ ಒಂದನ್ನು ನಮ್ಮ ಸಂಕೇಶ್ವರದ ಮೆಣಸಿನಕಾಯಿ ತಿಂದ ಪ್ರತಿಯೊಬ್ಬರೂ ಬಲ್ಲರು. ಮೆಣಸಿನ ಖಾರದ ಸತ್ವವಾದ ಕ್ಯಾಪ್ಸೈಸಿನ್ ತೆರೆಯುವ ಬಾಗಿಲೇ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೂ ತೆರೆಯುತ್ತದೆ. ಅದನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ, ಸ್ಪರ್ಶ ಮತ್ತು ಒತ್ತಡದ ಬಾಗಿಲುಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರ ಜೊತೆಗೆ, 2021ರ ನೊಬೆಲ್ ಬಂತು.

ಒಂದು ಕೋಶ ಎಷ್ಟು ಸುಲಭವಾಗಿ ಸಂದೇಶ ಹೊರಡಿಸುತ್ತದೆ ಎಂಬುದನ್ನು ವಿಜ್ಞಾನದಲ್ಲಿ ಅದರ ಉದ್ರೇಕಶೀಲತೆ ಎನ್ನುತ್ತಾರೆ. ನರಕ್ಕೆ ಏಟು ಬಿದ್ದಾಗ ಕೆಡುವುದು ಇದೇ. ನರ ತುಂಡಾದರೆ ಸಂದೇಶ ನಿಲ್ಲಬೇಕು, ಆ ಜಾಗ ಮರಗಟ್ಟಬೇಕು ಎಂಬುದು ನಮ್ಮೆಲ್ಲರ ಲೆಕ್ಕ. ವಿದ್ಯುತ್ ತಂತಿ ಕಡಿದರೆ ದೀಪ ಆರುತ್ತದಲ್ಲ, ಹಾಗೆ. ನರ ತಂತಿಯಲ್ಲ, ಜೀವವಿರುವ ಕೋಶ. ತುಂಡಾದ ಎಳೆಯ ಒಡಲು ಕತ್ತಿನ ಬುಡದಲ್ಲಿ ಬದುಕಿಯೇ ಇರುತ್ತದೆ, ಏಟಿನ ಸುದ್ದಿ ಅದಕ್ಕೆ ತಲುಪುತ್ತದೆ, ಮತ್ತು ಅದು ತನ್ನ ಯಾವ ವಂಶವಾಹಿಗಳನ್ನು ಎಷ್ಟು ಬಳಸಬೇಕೆಂಬ ಪಟ್ಟಿಯನ್ನೇ ಬದಲಾಯಿಸಿಕೊಳ್ಳುತ್ತದೆ. ಕಡಿದ ತುದಿ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯಲು ಹೊರಡುತ್ತದೆ. ದಾರಿ ಸಿಕ್ಕರೆ ಒಳ್ಳೆಯದು. ಗಾಯದ ಕಲೆಯೊಳಗೆ ದಾರಿ ತಪ್ಪಿದರೆ ನೂರಾರು ಎಳೆಗಳು ಅಲ್ಲೇ ಸುತ್ತಿಕೊಂಡು ಗಂಟಾಗುತ್ತವೆ. ಒಡಲಿನಲ್ಲಿ ತಯಾರಾಗಿ ತುದಿಗೆಂದು ಸಾಗಿಬಂದ ಸೋಡಿಯಂ ಬಾಗಿಲುಗಳು ಮುಂದೆ ಹೋಗಲು ಜಾಗವಿಲ್ಲದೆ ಆ ಗಂಟಿನಲ್ಲೇ ದಟ್ಟವಾಗಿ ಸೇರಿಕೊಳ್ಳುತ್ತವೆ. ಪ್ಯಾಟ್ರಿಕ್ ವಾಲ್ ಮತ್ತು ಮೈಕೇಲ್ ಗಟ್ನಿಕ್ 1974ರಲ್ಲಿ ಇಲಿಗಳಲ್ಲಿ ಗಾಯದ ಜಾಗದ ಇಂಥ ಗಂಟುಗಳನ್ನು ಪರೀಕ್ಷಿಸಿದಾಗ, ಯಾರೂ ಮುಟ್ಟದಿದ್ದರೂ ಅಲ್ಲಿಂದ ಸಂದೇಶಗಳು ತಾವಾಗಿಯೇ ಹೊರಡುತ್ತಿದ್ದುದನ್ನು ದಾಖಲಿಸಿದರು. ಸಂದೇಶ ಹುಟ್ಟಬೇಕಾದದ್ದು ಬೆರಳ ತುದಿಯಲ್ಲಿ; ಅದು ಮಣಿಕಟ್ಟಿನ ನಡುದಾರಿಯಲ್ಲಿ ಹುಟ್ಟುತ್ತಿತ್ತು ಎಂದು ನನ್ನ ತಮ್ಮನ ಕೈಗೆ ಅನ್ವಯಿಸಿ ಓದಿಕೊಂಡೆ. ಮಿದುಳಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಆ ಎಳೆಯಲ್ಲಿ ಬಂದದ್ದೆಲ್ಲ ಅದಕ್ಕೆ ಕಿರುಬೆರಳಿನದೇ.

ಬದಲಾವಣೆ ಗಂಟಿನಲ್ಲಷ್ಟೇ ನಿಲ್ಲುವುದಿಲ್ಲ. ಸೋಡಿಯಂ ಬಾಗಿಲುಗಳಲ್ಲಿ ಒಂಬತ್ತು ಬಗೆಗಳಿವೆ. ಅವುಗಳಲ್ಲಿ ನ್ಯಾವ್ 1.3 ಎಂಬುದು ಭ್ರೂಣದ ಅವಸ್ಥೆಯಲ್ಲಿ ಹೇರಳವಾಗಿದ್ದು, ಬೆಳೆದ ನೋವಿನ ಕೋಶಗಳಲ್ಲಿ ಬಹುತೇಕ ಕಾಣದಾಗುತ್ತದೆ. ನರ ತುಂಡಾದ ಇಲಿಗಳಲ್ಲಿ ಅದು ಮತ್ತೆ ತಲೆಯೆತ್ತಿದ್ದನ್ನು ಸಂಶೋಧಕರು ಕಂಡಿದ್ದಾರೆ. ಅದು ಬೇಗ ಚೇತರಿಸಿಕೊಂಡು ಮತ್ತೆ ಮತ್ತೆ ಸಂದೇಶ ಹೊರಡಿಸಲು ಅನುವು ಮಾಡಿಕೊಡುವ ಬಾಗಿಲು. ಅದೇ ಹೊತ್ತಿಗೆ ಕೋಶವನ್ನು ಶಾಂತಗೊಳಿಸುವ ಪೊಟ್ಯಾಸಿಯಂ ಬಾಗಿಲುಗಳಲ್ಲಿ ಹಲವು ಬಗೆಗಳ ಸಂಖ್ಯೆ ಕುಸಿಯುತ್ತದೆ. ಹೀಗೆ ತಳ್ಳುವ ಶಕ್ತಿ ಹೆಚ್ಚಿ, ತಡೆಯುವ ಶಕ್ತಿ ತಗ್ಗಿ, ಪೊರೆಯ ವಿದ್ಯುತ್ ಮಟ್ಟ ಸಣ್ಣ ಅಲೆಗಳಂತೆ ತಾನಾಗಿಯೇ ಏರಿಳಿಯತೊಡಗುತ್ತದೆ. ಯಾವ ಅಲೆ ಹೊಸ್ತಿಲನ್ನು ಮುಟ್ಟುತ್ತದೋ ಆಗೊಂದು ಸಂದೇಶ ಸಿಡಿಯುತ್ತದೆ. ಸುಮ್ಮನೆ ಕುಳಿತಿದ್ದಾಗ ಕರೆಂಟ್ ಹೊಡೆದಂತಾಗುವುದು ಏಕೆಂದು ನನಗೆ ಅರ್ಥವಾದದ್ದು ಇದನ್ನು ಓದಿದಾಗಲೇ.

ಅಕ್ಕಪಕ್ಕದ, ಏಟು ಬೀಳದ ಎಳೆಗಳೂ ಸುಮ್ಮನಿರುವುದಿಲ್ಲ ಎಂಬುದು ನನಗೆ ಹೊಸದಾಗಿ ತಿಳಿದ ಸಂಗತಿ. ತುಂಡಾದ ಎಳೆಯ ಕೆಳಭಾಗ ಕೊಳೆತು ಕರಗುವಾಗ ರಕ್ಷಕ ಕೋಶಗಳು ಅಲ್ಲಿ ಸೇರಿ ಉರಿಯೂತದ ರಾಸಾಯನಿಕಗಳನ್ನು ಬಿಡುತ್ತವೆ; ನರಗಳನ್ನು ಪೋಷಿಸುವ ಬೆಳವಣಿಗೆಯ ಅಂಶವನ್ನು ಹಂಚಿಕೊಳ್ಳಲು ಎಳೆಗಳು ಕಡಿಮೆಯಾದದ್ದರಿಂದ ಉಳಿದವಕ್ಕೆ ಅದು ಹೆಚ್ಚಾಗಿ ಸಿಗುತ್ತದೆ. ಇವೆರಡೂ ಸೇರಿ ಪೂರ್ತಿ ಆರೋಗ್ಯವಾಗಿರುವ ಎಳೆಗಳ ಹೊಸ್ತಿಲನ್ನೂ ತಗ್ಗಿಸುತ್ತವೆ. ಬೆರಳು ಒಂದು ಕಡೆ ಮರಗಟ್ಟಿದ್ದೂ ಅದರ ಅಂಚಿನಲ್ಲಿ ತಾಗಿದರೆ ಉರಿಯುವುದನ್ನು ಕಂಡು, ಇದು ಸುಳ್ಳಿರಬೇಕು ಎಂದುಕೊಳ್ಳುವವರು ಈ ಮಾತನ್ನು ಗಮನಿಸಬೇಕು. ಮರಗಟ್ಟುವಿಕೆ ಸತ್ತ ಎಳೆಗಳದು, ಉರಿ ಉಳಿದ ಎಳೆಗಳದು.

ತಿಂಗಳುಗಟ್ಟಲೆ ಈ ಸಂದೇಶಗಳ ಸುರಿಮಳೆ ಬಿದ್ದರೆ ಬೆನ್ನುಹುರಿಯೂ ಬದಲಾಗುತ್ತದೆ. ಕ್ಲಿಫರ್ಡ್ ವುಲ್ಫ್ 1983ರಲ್ಲಿ ತೋರಿಸಿಕೊಟ್ಟಂತೆ, ಗಾಯದ ನಂತರ ಬೆನ್ನುಹುರಿಯ ಕೋಶಗಳೇ ಹೆಚ್ಚು ಸೂಕ್ಷ್ಮವಾಗುತ್ತವೆ. ಆಗ ಮೃದು ಸ್ಪರ್ಶವನ್ನು ಮಾತ್ರ ತಿಳಿಸಬೇಕಾದ ದಪ್ಪ ಎಳೆಗಳ ಸಂದೇಶವೂ ನೋವಿನ ದಾರಿಗೆ ಸೇರಿಬಿಡುತ್ತದೆ. ಕೌದಿಯ ಅಂಚು ತಾಗಿದರೆ ಕೆಂಡ ತಾಗಿದಂತಾಗುವುದು ಹೀಗೆ.

ಇದೆಲ್ಲ ಇಲಿಗಳ ಮಾತಾಯಿತು, ಮನುಷ್ಯರಲ್ಲಿ ನೋಡಿದವರು ಯಾರು ಎಂದು ಓದುಗರು ಕೇಳಬಹುದು. ನೋಡಿದ್ದಾರೆ. ಎಚ್ಚರವಾಗಿರುವ ರೋಗಿಗಳ ನರದೊಳಗೆ ಅತಿ ಸಣ್ಣ ಸೂಜಿಯ ವಿದ್ಯುದಗ್ರವನ್ನಿಟ್ಟು, ನೋವಿನ ಎಳೆಗಳು ತಾವಾಗಿಯೇ ಸಂದೇಶ ಹೊರಡಿಸುವುದನ್ನು ಹಲವು ಪ್ರಯೋಗಾಲಯಗಳಲ್ಲಿ ದಾಖಲಿಸಲಾಗಿದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಬೆನ್ನುಮೂಳೆಯ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ವೇಳೆ ತೆಗೆಯಬೇಕಾಗಿ ಬಂದ, ಬೆನ್ನುಹುರಿಯ ಪಕ್ಕದ ನರಗಂಟುಗಳ ಕೋಶಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಗಂಟಿನ ವ್ಯಾಪ್ತಿಯಲ್ಲಿ ನರದ ನೋವಿದ್ದ ರೋಗಿಗಳ ಕೋಶಗಳಲ್ಲಿ ಇಂಥ ತಾನಾಗಿ ಸಿಡಿಯುವ ಗುಣ ಕಂಡುಬಂದಿತು. ಸೋಡಿಯಂ ಬಾಗಿಲಿನ ಮಹತ್ವಕ್ಕೆ ಇದಕ್ಕಿಂತಲೂ ಮನಮುಟ್ಟುವ ಸಾಕ್ಷಿ ಪಾಕಿಸ್ತಾನದ ಉತ್ತರ ಭಾಗದಿಂದ ಬಂದಿದೆ. ಅಲ್ಲಿ ಬೀದಿಯಲ್ಲಿ ತೋಳಿಗೆ ಚಾಕು ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ಪ್ರದರ್ಶನ ಕೊಡುತ್ತಿದ್ದ ಒಬ್ಬ ಬಾಲಕನಿದ್ದ. ನೋವೇ ತಿಳಿಯದ ಆ ಹುಡುಗ ಹದಿನಾಲ್ಕು ತುಂಬುವ ಮೊದಲೇ ಮಾಳಿಗೆಯಿಂದ ಜಿಗಿದು ತೀರಿಕೊಂಡ. ಅವನ ಬಳಗದ ಕುಟುಂಬಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅವರಲ್ಲಿ ನ್ಯಾವ್ 1.7 ಎಂಬ ಒಂದೇ ಬಗೆಯ ಸೋಡಿಯಂ ಬಾಗಿಲು ಕೆಲಸ ಮಾಡುತ್ತಿರಲಿಲ್ಲವೆಂದು 2006ರಲ್ಲಿ ವರದಿ ಮಾಡಿದರು. ಅದೇ ಬಾಗಿಲು ಅಗತ್ಯಕ್ಕಿಂತ ಸುಲಭವಾಗಿ ತೆರೆದರೆ ಕೈಕಾಲು ಕೆಂಪಾಗಿ ಸಹಿಸಲಾಗದಂತೆ ಉರಿಯುವ ವಂಶಪಾರಂಪರ್ಯ ರೋಗ ಬರುತ್ತದೆ ಎಂಬುದು ಅದಕ್ಕೂ ಎರಡು ವರ್ಷ ಮೊದಲೇ ತಿಳಿದಿತ್ತು. ಒಂದು ಪ್ರೋಟೀನಿನ ನಡತೆಯ ಮೇಲೆ ಇಷ್ಟು ನಿಂತಿರುವಾಗ, ಇಂಥ ನೋವನ್ನು ಮನಸ್ಸಿನ ದೌರ್ಬಲ್ಯವೆಂದು ತಳ್ಳಿಹಾಕುವುದು ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಅನ್ಯಾಯ ಹಳೆಯದು. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡು ತಾಗಿ ನರಕ್ಕೆ ಪೆಟ್ಟಾದ ಸೈನಿಕರ ಉರಿನೋವನ್ನು ವೈದ್ಯ ಸೈಲಾಸ್ ವೀರ್ ಮಿಚೆಲ್ 1864ರಲ್ಲಿಯೇ ವಿವರಿಸಿದ್ದರು. ಗಾಯ ಮಾಯ್ದಿದ್ದರೂ ಅವರು ಕೈಗೆ ಸದಾ ಒದ್ದೆ ಬಟ್ಟೆ ಸುತ್ತಿಕೊಂಡಿರುತ್ತಿದ್ದರು, ಬೂಟಿನೊಳಗೆ ನೀರು ಸುರಿದುಕೊಳ್ಳುತ್ತಿದ್ದರು. ಅದನ್ನು ಓದುವಾಗ ನನಗೆ ನಮ್ಮ ಪಡಸಾಲೆಯ ಹಿತ್ತಾಳೆ ತಂಬಿಗೆ ಕಣ್ಮುಂದೆ ಬಂತು. ನನ್ನ ತಮ್ಮ ಹಳೆಯ ಪಂಚೆಯ ತುಂಡನ್ನು ಅದರಲ್ಲಿ ಅದ್ದಿ ಅದ್ದಿ ಮಣಿಕಟ್ಟಿಗೆ ಸುತ್ತಿಕೊಳ್ಳುತ್ತಿದ್ದ. ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಹದಿನಾಲ್ಕು ತಿಂಗಳ ನಂತರ ಬೇರೊಂದು ಊರಿನ ವೈದ್ಯರೊಬ್ಬರು ಅವನ ಮಾತನ್ನೆಲ್ಲ ಪೂರ್ತಿ ಕೇಳಿ, ಹತ್ತಿಯ ಎಳೆಯಿಂದ ಅಂಗೈಯನ್ನು ಸವರಿ, ಕೊನೆಗೆ ಗಾಯದ ಕಲೆಯ ಮೇಲೆ ಬೆರಳಿನಿಂದ ಮೆಲ್ಲನೆ ತಟ್ಟಿದರು. ಕೂಡಲೇ ಕಿರುಬೆರಳಿನ ತುದಿಗೆ ಝಳಪು ಹೊಡೆದು ಅವನು ಕುರ್ಚಿಯಿಂದ ಎದ್ದುಬಿಟ್ಟ. ತಟ್ಟಿ ನೋಡುವ ಈ ಪರೀಕ್ಷೆಯನ್ನು ಫ್ರಾನ್ಸಿನ ಜೂಲ್ಸ್ ಟಿನೆಲ್ 1915ರಲ್ಲಿ, ಮೊದಲ ಮಹಾಯುದ್ಧದ ಗಾಯಾಳುಗಳನ್ನು ನೋಡುತ್ತ ವಿವರಿಸಿದ್ದರು. ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ, ಅರ್ಧ ನಿಮಿಷ ಸಾಕು. ಹದಿನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ನನ್ನ ತಮ್ಮ ಅಂದು ವೈದ್ಯರೆದುರು ಅತ್ತ. ನೋವಿಗೆ ಅತ್ತದ್ದಲ್ಲ, ನಂಬಿದರಲ್ಲ ಎಂದು ಅತ್ತದ್ದು ಎಂದು ಬಸ್ಸಿನಲ್ಲಿ ಹೇಳಿದ.

ಔಷಧದ ವಿಷಯದಲ್ಲೂ ಈ ತಿಳಿವಳಿಕೆ ಮುಖ್ಯ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಡೈಕ್ಲೋಫೆನಾಕ್‌ನಂಥ ಗುಳಿಗೆಗಳು ಉರಿಯೂತದ ಒಂದು ರಾಸಾಯನಿಕದ ತಯಾರಿಕೆಯನ್ನು ತಡೆಯುತ್ತವೆ. ನರದ ಬಾಗಿಲುಗಳೇ ಬದಲಾಗಿರುವಾಗ ಅವುಗಳಿಂದ ಆಗುವ ಪ್ರಯೋಜನ ತೀರಾ ಕಡಿಮೆ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯ ಹುಣ್ಣು, ಮೂತ್ರಪಿಂಡದ ಹಾನಿ ಮಾತ್ರ ಜೊತೆಗೆ ಬರಬಹುದು. ನರದ ನೋವಿಗೆ ವೈದ್ಯರು ಮೊದಲಿಗೆ ಆಯ್ದುಕೊಳ್ಳುವ ಔಷಧಗಳೇ ಬೇರೆ. ಗ್ಯಾಬಾಪೆಂಟಿನ್ ಮತ್ತು ಪ್ರೀಗ್ಯಾಬಲಿನ್ ಕ್ಯಾಲ್ಸಿಯಂ ಬಾಗಿಲಿನ ಒಂದು ಸಹಾಯಕ ಭಾಗಕ್ಕೆ ಅಂಟಿಕೊಳ್ಳುತ್ತವೆ, ನರಕ್ಕೆ ಏಟು ಬಿದ್ದಾಗ ಹೆಚ್ಚಾಗುವುದೂ ಆ ಭಾಗವೇ. ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್ ಎಂಬವು ಮಿದುಳಿನಿಂದ ಬೆನ್ನುಹುರಿಗೆ ಇಳಿದು ನೋವನ್ನು ತಡೆಯುವ ದಾರಿಗೆ ಬಲ ಕೊಡುತ್ತವೆ. ಇವು ಖಿನ್ನತೆಯ ಔಷಧಗಳೂ ಆಗಿರುವುದರಿಂದ, ಚೀಟಿ ನೋಡಿದ ಮನೆಯವರು ‘ತಲಿ ಕೆಟ್ಟೈತಂತ ಗುಳಿಗಿ ಬರದಾರ’ ಎಂದು ನಡುವೆಯೇ ನಿಲ್ಲಿಸಿಬಿಡುವುದನ್ನು ಕಂಡಿದ್ದೇನೆ, ಹಾಗೆ ಮಾಡಬಾರದು. ಲಿಡೊಕೇನ್ ಪಟ್ಟಿಯ ಗುಣ ವಿಶೇಷವಾದದ್ದು, ಅದು ಪದೇ ಪದೇ ತೆರೆದು ಮುಚ್ಚುವ ಸೋಡಿಯಂ ಬಾಗಿಲುಗಳನ್ನೇ ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆ. ಇವುಗಳಲ್ಲಿ ಕೆಲವು ಮಂಪರು ತರುತ್ತವೆ, ಥಟ್ಟನೆ ನಿಲ್ಲಿಸಿದರೆ ತೊಂದರೆ ಕೊಡುತ್ತವೆ, ದುರ್ಬಳಕೆಗೂ ಸಿಗುತ್ತವೆ. ಆದ್ದರಿಂದ ಈ ಹೆಸರುಗಳನ್ನು ಹಿಡಿದುಕೊಂಡು ಯಾರೂ ನೇರವಾಗಿ ಔಷಧದ ಅಂಗಡಿಗೆ ಹೋಗಬಾರದು. ನ್ಯಾವ್ 1.8 ಎಂಬ ಬಾಗಿಲನ್ನಷ್ಟೇ ತಡೆಯುವ ಸುಜೆಟ್ರಿಜಿನ್ ಎಂಬ ಹೊಸ ಔಷಧಕ್ಕೆ ಅಮೆರಿಕದಲ್ಲಿ 2025ರ ಜನವರಿಯಲ್ಲಿ ಅನುಮತಿ ಸಿಕ್ಕಿದೆ. ಆ ಅನುಮತಿ ತತ್ಕಾಲದ ತೀವ್ರ ನೋವಿಗೆ, ವರ್ಷಗಟ್ಟಲೆ ಕಾಡುವ ನರದ ನೋವಿಗಲ್ಲ.

ಇದು ಕಬ್ಬು ಕಡಿಯುವವರ ಸಮಸ್ಯೆ ಮಾತ್ರ ಅಲ್ಲ. ಸಕ್ಕರೆ ಕಾಯಿಲೆಯವರ ಅಂಗಾಲಿನ ಉರಿ, ಸರ್ಪಸುತ್ತು ವಾಸಿಯಾದ ಮೇಲೂ ಪಕ್ಕೆಯಲ್ಲಿ ಉಳಿಯುವ ಚುಚ್ಚುನೋವು, ಕೈಕಾಲು ಕಳೆದುಕೊಂಡವರಿಗೆ ಇಲ್ಲದ ಅಂಗದಲ್ಲೇ ಆಗುವ ನೋವು, ಇವೂ ಇದೇ ಬಳಗದವು. ಜನಸಂಖ್ಯೆಯ ಶೇಕಡಾ 7ರಿಂದ 10ರಷ್ಟು ಮಂದಿಗೆ ನರಮೂಲದ ಲಕ್ಷಣಗಳಿರುವ ದೀರ್ಘಕಾಲದ ನೋವಿದೆ ಎಂಬುದು ಹಲವು ದೇಶಗಳ ಸಮೀಕ್ಷೆಗಳ ಅಂದಾಜು. ಅದರಲ್ಲೂ ನಮ್ಮ ಭಾಗದಲ್ಲಿ, ಬೆಳಗಾವಿಯ ಫೌಂಡ್ರಿಗಳಿಂದ ಹಿಡಿದು ಮುಧೋಳ, ಮಹಾಲಿಂಗಪುರದ ಗಾಣಗಳವರೆಗೆ, ಕೈಯನ್ನೇ ನಂಬಿ ದುಡಿಯುವವರು ಬಹಳ. ನೌಕರರ ಪರಿಹಾರದ ಕಾನೂನಿನ ಅನುಸೂಚಿಯಲ್ಲಿ ಹೆಬ್ಬೆರಳು ಹೋದರೆ ಎಷ್ಟು, ತೋರುಬೆರಳು ಹೋದರೆ ಎಷ್ಟು ಎಂಬ ಲೆಕ್ಕವಿದೆ. ಬೆರಳು ಐದೂ ಉಳಿದು, ಒಂದನ್ನೂ ಮುಟ್ಟಲಾಗದ ಸ್ಥಿತಿಯಲ್ಲಿರುವವನ ದುಡಿಮೆಯ ನಷ್ಟವನ್ನು ವೈದ್ಯರು ಅಂದಾಜು ಮಾಡಿ ಬರೆದುಕೊಡಬೇಕು. ಬರೆಯುವ ವೈದ್ಯರು ನೋವನ್ನೇ ನಂಬದಿದ್ದರೆ ಆ ಕಾಗದದಲ್ಲಿ ಏನು ಬಂದೀತು?

ಆದ್ದರಿಂದ ತಾಲ್ಲೂಕು ಆಸ್ಪತ್ರೆಗಳ ವೈದ್ಯರಲ್ಲಿ ನನ್ನ ವಿನಂತಿ ಇಷ್ಟೇ: ಹೊಲಿಗೆ ಬಿಚ್ಚುವ ದಿನ ಗಾಯವನ್ನು ನೋಡಿದಂತೆ ನರವನ್ನೂ ನೋಡಬೇಕು, ಮತ್ತು ಎರಡು ತಿಂಗಳ ನಂತರ ಇನ್ನೊಮ್ಮೆ ಕರೆಯಬೇಕು. ಫ್ರಾನ್ಸಿನ ವೈದ್ಯರು 2005ರಲ್ಲಿ ಪ್ರಕಟಿಸಿದ ಹತ್ತು ಅಂಶಗಳ ಸರಳ ಪ್ರಶ್ನಾವಳಿಯೊಂದಿದೆ. ಉರಿ ಇದೆಯೇ, ಕೊರೆಯುವ ಚಳಿಯಂಥ ನೋವೇ, ಕರೆಂಟ್ ಹೊಡೆದಂತಾಗುವುದೇ, ಜುಮುಗುಟ್ಟುವುದೇ, ಸೂಜಿ ಚುಚ್ಚಿದಂತಾಗುವುದೇ, ಮರಗಟ್ಟಿದೆಯೇ, ತುರಿಕೆಯೇ ಎಂದು ಏಳು ಅಂಶಗಳನ್ನು ಕೇಳಿ ತಿಳಿಯುವುದು. ಸ್ಪರ್ಶ ಮಂದವಾಗಿದೆಯೇ, ಚುಚ್ಚಿದ್ದು ಮಂದವಾಗಿ ತಿಳಿಯುವುದೇ, ಮೆಲ್ಲನೆ ಸವರಿದರೆ ನೋವು ಹೆಚ್ಚುವುದೇ ಎಂಬ ಮೂರನ್ನು ಮುಟ್ಟಿ ನೋಡುವುದು. ಹತ್ತರಲ್ಲಿ ನಾಲ್ಕಕ್ಕೆ ಹೌದು ಎಂದು ಬಂದರೆ ನರದ ನೋವಿನ ಸಾಧ್ಯತೆ ಬಲವಾಗಿದೆ ಎಂದರ್ಥ. ಆಶಾ ಕಾರ್ಯಕರ್ತೆಯರು ಏಳು ಪ್ರಶ್ನೆಗಳನ್ನು ಮನೆಬಾಗಿಲಲ್ಲೇ ಕೇಳಬಹುದು. ಕನ್ನಡದಲ್ಲಿ ಉರಿ, ಜೋಮು, ಝಳಪು, ಚಳಕು ಎಂದು ನೋವಿಗೆ ಇಷ್ಟೊಂದು ಹೆಸರುಗಳಿವೆ. ರೋಗಿ ಅವುಗಳಲ್ಲಿ ಯಾವುದನ್ನು ಬಳಸುತ್ತಾನೆ ಎಂಬುದರಲ್ಲೇ ಅರ್ಧ ರೋಗನಿದಾನವಿರುತ್ತದೆ.

ನನ್ನ ತಮ್ಮನ ನೋವು ಪೂರ್ತಿ ಹೋಗಿಲ್ಲ. ಚಳಿಗೆ ಹೆಚ್ಚುತ್ತದೆ, ಕರೆಂಟ್ ಹೊಡೆದಂತಾಗುವುದು ವಾರಕ್ಕೊಮ್ಮೆ ಇದ್ದೇ ಇದೆ. ಆದರೆ ಈಗ ಕೈಯನ್ನು ಕೌದಿಯೊಳಗಿಟ್ಟು ಮಲಗುತ್ತಾನೆ, ಕಾರಹುಣ್ಣಿಮೆಗೆ ಎತ್ತಿನ ಮೈಯನ್ನು ಎರಡೂ ಕೈಯಿಂದ ತೊಳೆದ. ಕಟಾವಿನ ಗ್ಯಾಂಗುಗಳು ಹೊಲಕ್ಕೆ ಇಳಿದಿರುವ ಈ ದಿನಗಳಲ್ಲಿ ಮೇಲಿನ ಹತ್ತು ಅಂಶಗಳನ್ನು, ಈ ಪತ್ರಕ್ಕೆ ಜಾಗ ಸಾಲದಿದ್ದರೆ ಅವುಗಳನ್ನಷ್ಟೇ ಆದರೂ, ಜಿಲ್ಲಾ ಪುಟದಲ್ಲಿ ಅಪಘಾತದ ಸುದ್ದಿಗಳ ಪಕ್ಕದಲ್ಲಿಯೇ ಅಚ್ಚು ಹಾಕಬೇಕೆಂದು ತಮ್ಮಲ್ಲಿ ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ
ಜಮಖಂಡಿ, ಬಾಗಲಕೋಟೆ ಜಿಲ್ಲೆ